ತಂಗಿಯನ್ನು ಕಾಣದಿರಲು ಕಲಿತ ಚಳಿಗಾಲ

ಆ ಹುಡುಗಿ ನಮ್ಮ ಓಣಿಗೆ ಬಂದದ್ದು ಹೆದ್ದಾರಿಯ ದೆಸೆಯಿಂದ. ಎರಡು ಸಾವಿರ ಇಸವಿ ದಾಟಿದ ಮೊದಮೊದಲ ವರ್ಷಗಳು. ಹಾವೇರಿಯ ಮಗ್ಗುಲಲ್ಲಿ ಹಾದುಹೋಗುವ ರಸ್ತೆಯನ್ನು ಅಗಲ ಮಾಡುತ್ತಿದ್ದರು. ದಿನವಿಡೀ ಮಣ್ಣು ಹೊತ್ತ ಟಿಪ್ಪರುಗಳು ಓಡಾಡಿ, ಓಣಿಯಲ್ಲಿ ಒಣಹಾಕಿದ ಬಟ್ಟೆಗಳೆಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಅವಳ ತಂದೆ ಆ ಕೆಲಸದಲ್ಲಿ ಇಂಜಿನಿಯರ್. ನಮ್ಮಿಂದ ಎರಡು ಮನೆ ಆಚೆ, ಮೇಲಂತಸ್ತು ಅರ್ಧಕ್ಕೆ ನಿಂತುಹೋಗಿದ್ದ ಮನೆಯ ಕೆಳಭಾಗವನ್ನು ಅವರು ಬಾಡಿಗೆಗೆ ಹಿಡಿದರು. ಅವಳಿಗೆ ಹದಿಮೂರು ವರ್ಷ. ಮೈಸೂರು ಕಡೆಯವಳು. ಅವಳ ಮಾತು ನಮ್ಮ ಪಠ್ಯಪುಸ್ತಕದ ಮಾತಿನ ಹಾಗೆಯೇ ಇತ್ತು. ಬರೆದದ್ದನ್ನೆಲ್ಲ ಶಾಲೆಯಲ್ಲಿ ಕೆಂಪು ಶಾಯಿಯಿಂದ ತಿದ್ದಿಸಿಕೊಳ್ಳುತ್ತಿದ್ದ ನಮಗೆ, ಹಾಗೆ ಮಾತಾಡುವವಳು ಹೇಳಿದ್ದೆಲ್ಲ ನಿಜವೇ ಇರಬೇಕು ಅನ್ನಿಸುತ್ತಿತ್ತು.

ಆಗ ನನಗೆ ಹನ್ನೊಂದು, ನನ್ನ ತಂಗಿಗೆ ಎಂಟು. ಅಪ್ಪ ಕೋರ್ಟಿನ ಎದುರು ಬೇವಿನ ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಜನರ ಅರ್ಜಿ, ಕರಾರು ಪತ್ರಗಳನ್ನು ಹೊಡೆದುಕೊಡುತ್ತಿದ್ದರು. ಅವ್ವ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದಳು. ತಂಗಿ ಮಾತುಗಾತಿ, ಪ್ರಶ್ನೆ ಕೇಳುವವಳು. ನಾನು ಹೇಳಿದಷ್ಟು ಮಾಡುವವಳು.

ರಸ್ತೆ ಕೆಲಸ ನೋಡಲು ಜಪಾನಿನಿಂದ ಒಬ್ಬ ಇಂಜಿನಿಯರ್ ಬಂದಿದ್ದಾಗ ಆ ಹುಡುಗಿಗೆ ಒಂದು ಪುಸ್ತಕ ಕೊಟ್ಟುಹೋಗಿದ್ದರಂತೆ. ದಪ್ಪನೆಯ ಚಿತ್ರಕಥೆ, ಕಪ್ಪುಬಿಳುಪು, ಒರಟು ಕಾಗದ. ಅದನ್ನು ಹಿಂದಿನಿಂದ ಮುಂದಕ್ಕೆ ತೆರೆಯಬೇಕಿತ್ತು. ಅಕ್ಷರಗಳು ಮೇಲಿನಿಂದ ಕೆಳಗೆ ಇಳಿಯುತ್ತಿದ್ದವು. ಚಿತ್ರಗಳಲ್ಲಿ ಸಮವಸ್ತ್ರ ತೊಟ್ಟ ಮಕ್ಕಳು ಸಾಲಾಗಿ ನಿಂತು ಸೊಂಟದಿಂದ ಬಾಗುತ್ತಿದ್ದರು, ನೆಲ ಒರೆಸುತ್ತಿದ್ದರು, ಮತ್ತೊಂದು ಪುಟದಲ್ಲಿ ಅದೇ ಮಕ್ಕಳು ಗೋಡೆ ದಾಟಿ ಹೋಗುತ್ತಿದ್ದರು, ಅಂಗೈಯಲ್ಲಿ ಬೆಂಕಿ ಹಿಡಿದಿರುತ್ತಿದ್ದರು. ಜಪಾನಿನಲ್ಲಿ ಶಕ್ತಿಯಿರುವ ಮಕ್ಕಳಿಗೆಂದೇ ಒಂದು ಶಾಲೆಯಿದೆ, ಅಲ್ಲಿ ಬಹಳ ಬಿಗಿ, ಇದು ಅದರ ನಿಯಮಗಳ ಪುಸ್ತಕ ಎಂದು ಅವಳು ಹೇಳಿದಳು. ತನಗೆ ಓದಲು ಬರುತ್ತದೆ ಎಂದೂ ಹೇಳಿದಳು. ನಾವು ನಂಬಿದೆವು.

ದೀಪಾವಳಿ ಕಳೆದ ಮೇಲೆ ಅರ್ಧಕ್ಕೆ ನಿಂತ ಆ ಮೇಲಂತಸ್ತಿನಲ್ಲಿ ನಮ್ಮ ಶಾಲೆ ಶುರುವಾಯಿತು. ಬಾಗಿಲಿಲ್ಲದ ಎರಡು ಕೋಣೆ, ಗಿಲಾವು ಕಾಣದ ಇಟ್ಟಿಗೆಯ ಗೋಡೆ, ಆಕಾಶಕ್ಕೆ ಚಾಚಿದ ಕಬ್ಬಿಣದ ಸರಳುಗಳು. ಅವಳನ್ನು ಬಿಟ್ಟು ನಾವು ಏಳು ಮಕ್ಕಳು. ಅವಳು ಹೆಡ್. ನಾನು ಅವಳ ಕೆಳಗಿನ ಲೀಡರ್. ಸಂಜೆ ಊರಿನ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಬಂದು ಚಪ್ಪಲಿಗಳನ್ನು ಮೆಟ್ಟಿಲ ಬಳಿ, ಮೂತಿ ಕೆಳಗಿಳಿಯುವ ದಿಕ್ಕಿಗೆ ಬರುವಂತೆ ಬಿಡಬೇಕಿತ್ತು. ಯಾರಾದರೂ ಓಡಬೇಕಾಗಿ ಬಂದರೆ ಚಪ್ಪಲಿ ಹುಡುಕುತ್ತ ನಿಲ್ಲಬಾರದೆಂದು. ಯಾರಿಂದ ಓಡುವುದು ಎಂದು ಕೇಳುವ ಹಾಗಿರಲಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ವೃತ್ತಕ್ಕೆ ಮೂರು ಸಲ ಬಾಗಿ, ಮಾತಿಲ್ಲದೆ ನೆಲ ಗುಡಿಸಿ, ಆಮೇಲೆ ಅಭ್ಯಾಸ. ನಗಬಾರದು. ಮನೆಯಲ್ಲಿ ಹೇಳಬಾರದು.

ಪ್ರತಿಯೊಬ್ಬರಿಗೂ ಅವಳು ಒಂದು ಶಕ್ತಿ ಹಂಚಿದ್ದಳು. ನನ್ನದು ದೂರದ ಸದ್ದು ಕೇಳುವುದು. ಗೋಡೆಗೆ ಕಿವಿಯಿಟ್ಟು ಕಣ್ಣು ಮುಚ್ಚಿ, ಸಂಜೆಯ ರೈಲು ಬರುವ ಮುಂಚೆಯೇ ಕೈ ಎತ್ತಬೇಕಿತ್ತು. ಮೊದಲ ವಾರ ಏನೂ ಕೇಳಿಸಲಿಲ್ಲ. ಎರಡನೆಯ ವಾರ ಇಟ್ಟಿಗೆಯೊಳಗೆ ಸಣ್ಣಗೆ ನೀರು ಕುದಿಯುವಂಥ ಸದ್ದು ಸಿಕ್ಕಿತು. ನಾನು ಕೈ ಎತ್ತಿದೆ. ಉಳಿದವರು ಸುಮ್ಮನೆ ಕಾದರು. ಎಷ್ಟೋ ಹೊತ್ತಾದ ಮೇಲೆ ಕರ್ಜಗಿಯ ಕಡೆಯಿಂದ ಸೀಟಿ ಕೇಳಿಸಿತು. ಹೆಡ್ ತಲೆದೂಗಿದಳು. ಅವತ್ತಿನಿಂದ ಅವಳು ಹೇಳಿದ್ದು ಯಾವುದನ್ನೂ ನಾನು ಸುಳ್ಳೆಂದು ನೆನೆಯಲಿಲ್ಲ.

ತಂಗಿಗೆ ಮಾತ್ರ ಶಕ್ತಿ ಸಿಕ್ಕಿರಲಿಲ್ಲ. ಇನ್ನೂ ಗೊತ್ತಾಗಿಲ್ಲ ಎಂದು ಹೆಡ್ ಹೇಳುತ್ತಿದ್ದಳು. ತಂಗಿ ಬೇಜಾರಿಲ್ಲದೆ ಗುಡಿಸುತ್ತಿದ್ದಳು, ಬಾಗುತ್ತಿದ್ದಳು. ಪುಸ್ತಕ ಓದುವ ಹೊತ್ತಿಗೆ ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು. ಒಂದು ಸಂಜೆ ಹೆಡ್ ಒಂದು ಪುಟ ತೆರೆದು ಓದಿ ಹೇಳುತ್ತಿದ್ದಾಗ ತಂಗಿ ಬೆರಳಿಟ್ಟು ಕೇಳಿದಳು:

"ಇದ ಹಾಳಿ ನಿನ್ನಿ ಬ್ಯಾರೆ ಓದಿದ್ದಿ. ಇವತ್ತ ಬ್ಯಾರೆ ಯಾಕ ಓದಾಕತ್ತೀದಿ?"

ಹೆಡ್ ಸಿಟ್ಟಾಗಲಿಲ್ಲ. ಪುಸ್ತಕದ ಕೊನೆಯ ಕಡೆಯ ಒಂದು ಪುಟ ತೆರೆದು ನಮಗೆ ತೋರಿಸಿದಳು. ತರಗತಿಯ ಚಿತ್ರ. ಎಲ್ಲ ಮಕ್ಕಳಿಗೂ ಕಣ್ಣು, ಮೂಗು, ಕೂದಲು. ಕಿಟಕಿಯ ಬಳಿ ಕೂತ ಒಂದು ಮಗುವಿಗೆ ಮಾತ್ರ ಬರೀ ಹೊರಗೆರೆ, ಒಳಗೆಲ್ಲ ಬಿಳಿ. ನಿಯಮ ಮುರಿದವರನ್ನು ಹೀಗೆ ಮಾಡುತ್ತಾರೆ, ಅವರು ಇರುತ್ತಾರೆ ಆದರೆ ಯಾರಿಗೂ ಕಾಣುವುದಿಲ್ಲ ಎಂದಳು. ನಮ್ಮ ಹೆಸರಿನ ಪಟ್ಟಿಯಲ್ಲಿ ತಂಗಿಯ ಹೆಸರಿಗೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದಳು. ಇದನ್ನು ಅಳಿಸುವ ಹಕ್ಕು ಹೆಡ್‌ಗೆ ಮಾತ್ರ.

ಮೊದಲ ದಿನ ಅದು ಆಟವೇ ಆಗಿತ್ತು. ತಂಗಿ ನಮ್ಮ ಮುಂದೆ ನಾಲಿಗೆ ಚಾಚಿದಳು, ನನ್ನ ಜಡೆ ಎಳೆದಳು. ನಮಗೆ ನಗು ತಡೆಯಲಾಗಲಿಲ್ಲ. ಆಗ ಹೆಡ್ ಹೊಸ ಅಭ್ಯಾಸ ಕೊಟ್ಟಳು. ತಂಗಿ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ನಾವು ಆರು ಮಂದಿ ಎದುರು ಕೂತು ಅವಳ ಹಿಂದಿನ ಗೋಡೆ ಹೇಗಿದೆಯೆಂದು ಹಾಳೆಯಲ್ಲಿ ಬರೆಯಬೇಕು. ಸುತ್ತಲಿನದ್ದನ್ನಲ್ಲ, ಅವಳ ಹಿಂದಿನದ್ದನ್ನು. ಎಷ್ಟು ಇಟ್ಟಿಗೆ, ಯಾವುದು ಒಡೆದಿದೆ, ಎಲ್ಲಿ ಸಿಮೆಂಟು ಸೋರಿ ಗಟ್ಟಿಯಾಗಿದೆ.

ನಾನು ಮೂರ್ನಾಲ್ಕು ದಿನ ಊಹಿಸಿ ಬರೆದೆ. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಬರೆಯುತ್ತ ಬರೆಯುತ್ತ, ಅವಳ ಎದೆಯ ಎತ್ತರದಲ್ಲಿದ್ದ ಒಂದು ಇಟ್ಟಿಗೆಯ ಮೂಲೆ ಚೂರು ಹಾರಿದ್ದನ್ನು ಬರೆದೆ. ಅದರ ಕೆಳಗಿನದ್ದರ ಮೇಲೆ ಯಾರದೋ ಬೆರಳಚ್ಚು. ಹೆಡ್ ಬಂದು ನನ್ನ ಹಾಳೆ ತೆಗೆದುಕೊಂಡು ಗೋಡೆಯ ಬಳಿ ಹೋಗಿ ಹೋಲಿಸಿದಳು. ಎಲ್ಲ ಸರಿಯಿತ್ತು. ತಂಗಿ ಅಲ್ಲಿಂದ ಯಾವಾಗ ಸರಿದಳೆಂದು ನನಗೆ ತಿಳಿಯಲಿಲ್ಲ. ಆಮೇಲೆ ಪಕ್ಕದವಳನ್ನು ಮೆಲ್ಲಗೆ ಕೇಳಿದೆ. ತಂಗಿ ಅಲ್ಲಿಂದ ಸರಿದೇ ಇರಲಿಲ್ಲವಂತೆ.

ಆ ವಾರವೇ ಮನೆಯಲ್ಲೂ ನಡೆಯಿತು. ಸಂಜೆ ದೀಪ ಹಚ್ಚುವ ಹೊತ್ತು. ಅವ್ವ ಅಡಿಗೆ ಮನೆಯಿಂದಲೇ ತಂಗಿ ಎಲ್ಲಿ ಎಂದು ಕೇಳಿದಳು. ನಾನು ಕೋಣೆಯೆಲ್ಲ ನೋಡಿದೆ. ಹೊಲಿಗೆ ಮಷೀನು, ಮಡಚಿಟ್ಟ ಹಾಸಿಗೆ, ಗೋಡೆಗೆ ಒರಗಿಸಿದ್ದ ಅಪ್ಪನ ಸೈಕಲ್ಲು. ಇಲ್ಲ, ಹೊರಗ ಹೋಗಿರಬೇಕು ಎಂದೆ. ಅವ್ವ ಕೈ ಒರೆಸಿಕೊಳ್ಳುತ್ತ ಬಂದು ನನ್ನನ್ನೇ ದಿಟ್ಟಿಸಿದಳು.

"ಕಣ್ಣ ಎಲ್ಲಿ ಇಟ್ಟೀಯವ್ವ? ನಿನ್ನ ಮಗ್ಗಲದಾಗ ಕುಂತಾಳಲ್ಲ."

ತಂಗಿ ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಮಗ್ಗಿ ಬರೆಯುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ಏನೋ ಲೆಕ್ಕ ಸರಿ ಬಂದವಳ ಹಾಗೆ ಇದ್ದಳು. ನಾನು ನಾಟಕ ಮಾಡುತ್ತಿದ್ದೇನೆಂದು ಅವ್ವ ಬೈದಳು. ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವುದೇ ಸುಲಭವಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಶಾಲೆಯಿಂದ ಬಂದರೆ ಆ ಮನೆಯ ಮುಂದೆ ಲಾರಿ ನಿಂತಿತ್ತು. ರಸ್ತೆಯ ಕೆಲಸ ಮುಂದಕ್ಕೆ ಸರಿದಿತ್ತು. ಅವರಿಗೆ ರಾಣೆಬೆನ್ನೂರಿನಲ್ಲಿ, ಹಲಗೇರಿ ರಸ್ತೆಯ ಕಡೆ ಮನೆ ಸಿಕ್ಕಿತ್ತು. ಹೆಡ್ ನನ್ನನ್ನು ಕರೆದು ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಳು. ಶಾಲೆ ನಡೆಸಿಕೊಂಡು ಹೋಗು ಎಂದಳು. ಪಟ್ಟಿ ಮತ್ತು ಪುಸ್ತಕ ತನ್ನ ಬಳಿಯೇ ಇಟ್ಟುಕೊಂಡಳು. ತಂಗಿಯ ಹೆಸರಿನ ಸುತ್ತು ಅಳಿಸಿ ಹೋಗು ಎಂದು ಹೇಳಬೇಕೆಂದುಕೊಂಡೆ. ಅವಳ ತಂದೆ ಲಾರಿಯ ಹಗ್ಗ ಬಿಗಿಯುತ್ತ ಅವಸರ ಮಾಡುತ್ತಿದ್ದರು. ನಾನು ಸುಮ್ಮನೆ ಬಾಗಿದೆ.

ಅವತ್ತೇ ಮನೆಗೆ ಬಂದು ಶಾಲೆ ಮುಗಿಯಿತು, ನಿನ್ನ ಶಿಕ್ಷೆಯೂ ಮುಗಿಯಿತು ಎಂದು ತಂಗಿಗೆ ಹೇಳಿದೆ. ಅವಳು ಬಳಪ ಕಡಿಯುತ್ತ ಯೋಚಿಸಿದಳು.

"ನೀ ಹೆಡ್ ಅಲ್ಲಲ್ಲ" ಎಂದಳು.

ಅಲ್ಲಿಂದ ಮುಂದೆ ಅವಳು ಬದಲಾದಳು. ಮಾತು ಕಡಿಮೆಯಾಯಿತು. ನಡೆದರೆ ಹೆಜ್ಜೆ ಕೇಳುತ್ತಿರಲಿಲ್ಲ. ಸಂಜೆ ಎಲ್ಲಿಗೋ ಹೋಗಿ ಬರುತ್ತಿದ್ದಳು. ಎಲ್ಲಿಗೆ ಎಂದು ಕೇಳಿದರೆ ನಿಧಾನವಾಗಿ, ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದಳು. ಕೋರ್ಟಿನೊಳಗೆ ಹೋಗಿ ಸಾಕ್ಷಿ ಹೇಳುವವರ ಬೆಂಚಿನ ಮೇಲೆ ಕೂತಿದ್ದಳಂತೆ, ಯಾರೂ ಏಳು ಅನ್ನಲಿಲ್ಲವಂತೆ. ಕರ್ಜಗಿ ಬಸ್ಸು ಹತ್ತಿ ಹೋಗಿ ಅದೇ ಬಸ್ಸಿನಲ್ಲಿ ಬಂದಳಂತೆ, ಕಂಡಕ್ಟರ್ ಅವಳ ಎರಡೂ ಪಕ್ಕದವರಿಗೆ ಟಿಕೆಟ್ ಕೊಟ್ಟನಂತೆ. ಎದುರು ಮನೆಯ ಅಜ್ಜಿ ತೀರಿಹೋದ ಗಂಡನ ಅಂಗಿಯನ್ನು ಮಧ್ಯಾಹ್ನ ಕುರ್ಚಿಗೆ ಹಾಕಿ, ಅದರ ಜೊತೆ ಚಹಾ ಕುಡಿಯುತ್ತಾಳೆ ಎಂದಳು. ಅಜ್ಜಿಯ ಮನೆಯ ಒಳಕೋಣೆಗೆ ನಾವು ಯಾರೂ ಕಾಲಿಟ್ಟವರಲ್ಲ. ನಿನಗೆ ಹೇಗೆ ಗೊತ್ತು ಎಂದೆ. ಅಲ್ಲೇ ನಿಂತಿದ್ದೆ ಎಂದಳು.

ಇವೆಲ್ಲ ಸುಳ್ಳೆಂದು ಅಂದುಕೊಳ್ಳಲು ನಾನು ಪ್ರಯತ್ನಿಸಿದೆ. ಆದರೆ ಒಂದು ಸಂಜೆ ಅವಳು, ದೊಡ್ಡ ರಸ್ತೆಯನ್ನು ದಾಟುವಾಗ ಈಗ ತಾನು ಆಚೀಚೆ ನೋಡುವುದೇ ಇಲ್ಲ ಎಂದಳು. ಯಾಕೆ ಎಂದೆ. ಕಾಣದಿದ್ದವರಿಗೆ ಏನೂ ತಾಗುವುದಿಲ್ಲವಲ್ಲ ಎಂದಳು. ನನಗೆ ಹೊಳೆದದ್ದು ಅದರ ಇನ್ನೊಂದು ಮಗ್ಗುಲು. ಟಿಪ್ಪರಿನವನಿಗೂ ಅವಳು ಕಾಣದೆ ಹೋದರೆ?

ಮರುದಿನದಿಂದ ನಾನು ಅವಳ ಕೈ ಹಿಡಿದೇ ಶಾಲೆಗೆ ಕರೆದುಕೊಂಡು ಹೋದೆ. ಕೈ ಬಿಸಿಯಾಗಿರುತ್ತಿತ್ತು. ತಿರುಗಿ ಮುಖ ನೋಡಲು ಮಾತ್ರ ಹೆದರಿಕೆಯಾಗುತ್ತಿತ್ತು, ಎಲ್ಲಿ ಬರೀ ಕೈಯೊಂದೇ ಇರುತ್ತದೋ ಎಂದು.

ಒಂದು ಭಾನುವಾರ ಬೆಳಿಗ್ಗೆ ಅವಳು ಇರಲಿಲ್ಲ. ಅವ್ವ ಮೊದಲು ನನ್ನನ್ನು ಕರೆದು ನಾಟಕ ಬಿಡು ಎಂದಳು. ಆಮೇಲೆ ತಾನೇ ಹುಡುಕಿದಳು. ಓಣಿಯಲ್ಲಿ ಹುಡುಕಿದೆವು, ಅರ್ಧ ಕಟ್ಟಿದ ಮೇಲಂತಸ್ತಿಗೆ ಹತ್ತಿದೆವು. ಅಲ್ಲಿ ವೃತ್ತ ಹಾಗೆಯೇ ಇತ್ತು. ಹಿಂದಿರುಗಿ ಬಂದು ಕಂಪಾಸು ಪೆಟ್ಟಿಗೆ ತೆರೆದು ನೋಡಿದೆ. ರಾಣೆಬೆನ್ನೂರಿನ ವಿಳಾಸದ ಚೀಟಿ ಅದರಲ್ಲಿರಲಿಲ್ಲ. ಆಗ ನಾನು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಇಟ್ಟಿಗೆ ಎಣಿಸಿದ್ದನ್ನೊಂದು ಬಿಟ್ಟು.

ಅಪ್ಪ ಬೈಯಲಿಲ್ಲ. ನನ್ನನ್ನು ಕರೆದುಕೊಂಡು ರೈಲು ನಿಲ್ದಾಣಕ್ಕೆ ಹೋದರು. ಬೆಳಗಿನ ಪ್ಯಾಸೆಂಜರ್ ಹೋಗಿಯಾಗಿತ್ತು. ಟಿಕೆಟ್ ಕಿಟಕಿಯವರು, ಚಹಾದವನು, ಪ್ಲಾಟ್‌ಫಾರ್ಮ್ ಗುಡಿಸುವಾಕೆ, ಕಂಬದ ಕೆಳಗೆ ಕೂತ ಇಬ್ಬರು ಮುದುಕರು, ಎಲ್ಲರನ್ನೂ ಕೇಳಿದರು. ಹಳದಿ ಫ್ರಾಕಿನ ಹುಡುಗಿ, ಇಷ್ಟೆತ್ತರ. ಯಾರೂ ನೋಡಿರಲಿಲ್ಲ. ಮುಂಜಾನೆಯಿಂದ ಅಲ್ಲೇ ಕೂತಿದ್ದ ಆ ಮುದುಕರು ಹಾದುಹೋದ ಪ್ರತಿಯೊಬ್ಬರನ್ನೂ ನೆನಪಿನಿಂದ ಹೇಳಿದರು, ಹುಡುಗಿಯೊಬ್ಬಳನ್ನು ಬಿಟ್ಟು. ಅಪ್ಪ ಪ್ರತಿ ಸಲ ಕೈಯಿಂದ ಅವಳ ಎತ್ತರ ತೋರಿಸುವಾಗಲೂ ಆ ಕೈಯ ಕೆಳಗೆ ನನಗೆ ಬರೀ ನೆಲ ಕಾಣುತ್ತಿತ್ತು.

ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋದೆವು. ಹಲಗೇರಿ ರಸ್ತೆಯಲ್ಲಿ ಕೇಳುತ್ತ ಕೇಳುತ್ತ ಮನೆ ಸಿಕ್ಕಿತು. ಹೊತ್ತು ಮಧ್ಯಾಹ್ನ ದಾಟಿತ್ತು. ಬಾಗಿಲು ತೆರೆದವಳು ಹೆಡ್. ಒಂದು ತಿಂಗಳಲ್ಲಿ ಅವಳ ಮುಖ ಬಾಡಿತ್ತು. ನಾನು ಏನೂ ಕೇಳುವ ಮೊದಲೇ ಅವಳು ಹೇಳಿದಳು:

"ಇಲ್ಲಿಗೆ ಯಾರೂ ಬಂದಿಲ್ಲ."

ಅವಳ ಹಿಂದೆ ಹಜಾರದಲ್ಲಿ, ಬೆತ್ತದ ಕುರ್ಚಿಯ ಮೇಲೆ, ನೆಲಕ್ಕೆ ಕಾಲು ಮುಟ್ಟದೆ ನನ್ನ ತಂಗಿ ಕೂತಿದ್ದಳು. ಒಂದು ಜಡೆಯ ರಿಬ್ಬನ್ನು ಬಿಚ್ಚಿತ್ತು. ಕೆನ್ನೆಗೆ ಮಸಿ ಹತ್ತಿತ್ತು. ಎಷ್ಟೋ ದಿನಗಳ ಮೇಲೆ ನಾನು ಅವಳನ್ನು ಪೂರ್ತಿಯಾಗಿ, ಬಿಡಿಬಿಡಿಯಾಗಿ, ಕಂಡೆ. ಕೈಯಲ್ಲಿ ಅನ್ನದ ತಟ್ಟೆ.

ಹೆಡ್‌ನ ತಾಯಿ ಒಳಗಿನಿಂದ ಬಂದು ನಿಟ್ಟುಸಿರು ಬಿಟ್ಟರು. ಮಗು ಹತ್ತು ಗಂಟೆಗೇ ಬಂದಳು, ವಿಳಾಸ ಗೊತ್ತು ಫೋನ್ ನಂಬರು ಗೊತ್ತಿಲ್ಲ, ಮನೆಯವರು ಸಂಜೆಗೆ ಸೈಟಿನಿಂದ ಬಂದರೆ ಜೀಪಿನಲ್ಲಿ ಕಳಿಸೋಣವೆಂದಿದ್ದೆ ಎಂದು ಅಪ್ಪನಿಗೆ ವಿವರಿಸಿದರು. ಅಪ್ಪ ಬಾಗಿಲಲ್ಲೇ ನಿಂತು ಕಣ್ಣು ಒರೆಸಿಕೊಂಡರು. ತನ್ನ ಮಗಳೇ ಬೆಳಗಿನಿಂದ ವಿಚಿತ್ರವಾಗಿ ಆಡುತ್ತಿದ್ದಾಳೆ, ಊಟಕ್ಕೂ ಬಂದಿಲ್ಲ ಎಂದು ಆ ತಾಯಿ ದನಿ ತಗ್ಗಿಸಿ ಹೇಳಿದರು.

ಹೆಡ್ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದಳು.

"ಅಮ್ಮ ಬೆಳಿಗ್ಗೆಯಿಂದ ಆ ಕುರ್ಚಿಯ ಹತ್ತಿರ ಮಾತಾಡ್ತಿದ್ದಾಳೆ" ಎಂದಳು. "ಅದಕ್ಕೆ ಊಟ ಬಡಿಸಿದಳು. ನಿಮ್ಮಪ್ಪನೂ ಅದನ್ನೇ ನೋಡ್ತಿದ್ದಾರೆ."

ನಾನು ಅವಳ ಮುಖವನ್ನೇ ನೋಡಿದೆ. ಅವಳು ಆಟವಾಡುತ್ತಿರಲಿಲ್ಲ. ನಗು ತಡೆದುಕೊಂಡ ಮುಖ ನನಗೆ ಗೊತ್ತಿತ್ತು, ಸುಳ್ಳು ಓದುವಾಗಿನ ಮುಖವೂ ಗೊತ್ತಿತ್ತು. ಇದು ಅವೆರಡೂ ಅಲ್ಲ. ನಿಯಮ ಮಾಡಿದವಳೇ ನಮ್ಮೆಲ್ಲರಿಗಿಂತ ಚೆನ್ನಾಗಿ ಅಭ್ಯಾಸ ಮಾಡಿದ್ದಳು.

ತಂಗಿ ತಟ್ಟೆ ಕೆಳಗಿಟ್ಟು ಕುರ್ಚಿಯಿಂದ ಇಳಿದಳು. ಫ್ರಾಕು ಸರಿಮಾಡಿಕೊಂಡು ಹೆಡ್‌ನ ಎದುರು ಬಂದು ನಿಂತು, ನಾವು ಕಲಿತ ಹಾಗೆ, ಸೊಂಟದಿಂದ ಮೂರು ಸಲ ಬಾಗಿದಳು.

"ಇನ್ನ ಮ್ಯಾಲೆ ನಾ ನಿಮ್ಮ ಸಾಲಿಗೆ ಬರೂದಿಲ್ಲ. ಹೇಳಿ ಹೋಗಬೇಕಂತ ಬಂದೇನಿ."

ಶಾಲೆ ಬಿಡುವವರು ಹೆಡ್‌ನ ಮುಂದೆ ನಿಂತು ಹೇಳಿಯೇ ಬಿಡಬೇಕೆಂಬುದೂ ಒಂದು ನಿಯಮವಾಗಿತ್ತು. ಅಷ್ಟಕ್ಕಾಗಿ ಅವಳು ಒಬ್ಬಳೇ ರೈಲು ಹತ್ತಿ ಬಂದಿದ್ದಳು. ಹೆಡ್ ಅವಳ ತಲೆಯ ಮೇಲಿಂದ, ತೆರೆದ ಬಾಗಿಲಿನ ಕಡೆ ನೋಡುತ್ತಿದ್ದಳು. ನೀನು ಯಾಕೆ ಅಳುತ್ತಿದ್ದೀಯ ಎಂದು ನನ್ನನ್ನು ಕೇಳಿದಳು.

ಪಟ್ಟಿ ತಾ, ಸುತ್ತು ಅಳಿಸು ಎಂದೆ. ಲೀಡರ್ ಆದ ಮೇಲೆ ನಾನು ಅವಳಿಗೆ ಕೊಟ್ಟ ಮೊದಲ ಆಜ್ಞೆ ಅದು. ಅವಳು ಓಡಿಹೋಗಿ ತಂದಳು. ರಬ್ಬರಿನಿಂದ ಕೆಂಪು ಸುತ್ತನ್ನು ಉಜ್ಜಿದಳು, ಅದು ಹೋಗಲಿಲ್ಲ, ಮತ್ತೆ ಉಜ್ಜಿದಳು. ಕಾಗದ ಹರಿದು ತೂತು ಬಿತ್ತು. ಆಮೇಲೆ ತಲೆ ಎತ್ತಿ ಕುರ್ಚಿಯ ಕಡೆ ನೋಡಿದಳು. ಅಷ್ಟರಲ್ಲಿ ತಂಗಿ ಅಪ್ಪನ ಕೈ ಹಿಡಿದು ಮೆಟ್ಟಿಲಿಳಿದು ಹೋಗಿದ್ದಳು. ಕುರ್ಚಿ ಖರೇನೇ ಖಾಲಿಯಿತ್ತು. ಹಾಗಾಗಿ ಅಳಿಸಿದ್ದು ಫಲಿಸಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬರುವಾಗ ರಸ್ತೆ ಕೆಲಸದಿಂದಾಗಿ ಬಸ್ಸನ್ನು ಬ್ಯಾಡಗಿಯ ಮೇಲೆ ತಿರುಗಿಸಿದ್ದರು. ಮೆಣಸಿನಕಾಯಿಯ ಸುಗ್ಗಿ. ಊರು ಇನ್ನೂ ದೂರವಿರುವಾಗಲೇ ಘಾಟು ಕಿಟಕಿಯಿಂದ ನುಗ್ಗಿತು. ಜನ ಸೆರಗು, ಟವೆಲ್ಲು ಮೂಗಿಗೆ ಹಿಡಿದರು. ತಂಗಿ ಅಪ್ಪನ ತೊಡೆಯ ಮೇಲೆ ಕೂತವಳು ಕೆಮ್ಮತೊಡಗಿದಳು. ಬಿಡದೆ ಕೆಮ್ಮಿದಳು, ಕಣ್ಣು ಮೂಗೆಲ್ಲ ಸುರಿಯಿತು. ಮುಂದಿನ ಸೀಟಿನಲ್ಲಿದ್ದ, ಕೈಯೆಲ್ಲ ಮೆಣಸಿನಕಾಯಿಯ ಕೆಂಪು ಹಿಡಿದಿದ್ದ ಹೆಂಗಸೊಬ್ಬಳು ತಿರುಗಿ, ಬಾಟಲಿಯ ಮುಚ್ಚಳ ಬಿಚ್ಚಿ ಚಾಚಿದಳು.

"ಸಣ್ಣಗ ಕುಡಿ ಅವ್ವಿ. ಗಟಗಟ ಕುಡಿಬ್ಯಾಡ."

ತಂಗಿ ಬಾಟಲಿ ತೆಗೆದುಕೊಳ್ಳದೆ ಆ ಹೆಂಗಸನ್ನೇ ನೋಡುತ್ತ ಕೂತಳು. ನನಗ ಅಂದಿರೇನ್ರಿ ಎಂದು ಕೇಳಿದಳು. ಮತ್ಯಾರಿಗೆ ಎಂದು ಆಕೆ ನಕ್ಕಳು. ಆಗ ತಂಗಿ ಅತ್ತಳು. ಹಾವೇರಿ ಬರುವವರೆಗೂ ಅತ್ತಳು. ಅಪ್ಪ ಮೆಣಸಿನಕಾಯಿ ಘಾಟು ಎಂದು ಸುತ್ತಲಿನವರಿಗೆಲ್ಲ ಹೇಳುತ್ತಿದ್ದರು.

ಬೇಸಿಗೆ ರಜೆಯಲ್ಲಿ ಹೆಡ್‌ನ ತಾಯಿಯಿಂದ ಅವ್ವನಿಗೆ ಒಂದು ಪತ್ರ ಬಂತು. ಅವರು ಮತ್ತೆ ಮುಂದಿನ ಊರಿಗೆ ಹೋಗಿದ್ದರು. ಕ್ಷೇಮ ಸಮಾಚಾರ ಬರೆದು, ನಿಮ್ಮ ಚಿಕ್ಕ ಮಗಳು ಹೇಗಿದ್ದಾಳೆ ಎಂದು ಕೇಳಿದ್ದರು. ನಿಮಗಿರುವುದು ಒಬ್ಬಳೇ ಮಗಳೆಂದು ನಮ್ಮ ಹುಡುಗಿ ಈಗಲೂ ವಾದ ಮಾಡುತ್ತಾಳೆ, ಮಕ್ಕಳ ಜಗಳ ಎಷ್ಟು ದಿನ ನೋಡಿ ಎಂದು ಕೊನೆಗೆ ಸೇರಿಸಿದ್ದರು. ಅವ್ವ ಅದನ್ನು ಗಟ್ಟಿಯಾಗಿ ಓದಿ ನಕ್ಕು, ಮಷೀನಿನ ಖಾನೆಯಲ್ಲಿ ಇಟ್ಟಳು. ಆಮೇಲೆ ಅವರ ಸುದ್ದಿ ತಿಳಿಯಲಿಲ್ಲ.

ತಂಗಿ ಈಗ ಹಾವೇರಿಯಲ್ಲೇ ಆಸ್ಪತ್ರೆಯಲ್ಲಿ ನರ್ಸ್. ಗಟ್ಟಿ ದನಿ, ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳುತ್ತದೆ. ಕಳೆದ ವರ್ಷ ಅವಳ ಮಗಳ ಹುಟ್ಟುಹಬ್ಬಕ್ಕೆ ಹೋದಾಗ, ಪಾತ್ರೆ ತೊಳೆಯುತ್ತ, ಆ ಚಳಿಗಾಲದ ಮಾತು ಬಂತು. ಅವಳಿಗೆ ಎಲ್ಲ ನೆನಪಿದೆ. ಆ ಹುಡುಗಿ ಹೆದರಿಕೊಂಡಿದ್ದಳು, ಪಾಪ, ಎಂದಳು. ನನ್ನ ಬಗ್ಗೆ ಅವಳಿಗೆ ಮುನಿಸಿಲ್ಲ. ನೀ ಭಾಳ ಚಂದ ನಾಟಕ ಮಾಡತಿದ್ದಿ ಅಕ್ಕ, ಅವ್ವ ಕೇಳಿದಾಗ ಖರೇ ಅನಿಸುವಂಗ ಕೋಣಿ ತುಂಬ ನೋಡಿದ್ದಿ ಎಂದು ನಕ್ಕಳು.

ನಾನೂ ನಕ್ಕೆ. ಅದು ನಾಟಕವಾಗಿರಲಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ತೊಳೆದ ತಟ್ಟೆಗಳನ್ನು ಅವಳು ಕೊಡುತ್ತಿದ್ದಳು, ನಾನು ಒರೆಸಿ ಇಡುತ್ತಿದ್ದೆ.